ಮೀನಿನ ತೊಟ್ಟಿಯೂ ಮನೆಯ ಮರವೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಕಂಬದ ಬುಡವನ್ನು ನೀವು ನೋಡಿರಬಹುದು. ಮರದ ಕಂಬ ನೇರವಾಗಿ ನೆಲದಲ್ಲಿ ಊರಿರುವುದಿಲ್ಲ. ಅದರ ಅಡಿಯಲ್ಲಿ ಒಂದು ಕಲ್ಲು ಇರುತ್ತದೆ. ಅದು ಅಂದಕ್ಕಾಗಿ ಮಾತ್ರ ಇಟ್ಟ ಕಲ್ಲಲ್ಲ. ನೆಲದ ತೇವ ಮರಕ್ಕೆ ಏರಬಾರದು, ನೆಲ ಸಾರಿಸಿದ ನೀರು ಮರದ ಬುಡದಲ್ಲಿ ನಿಲ್ಲಬಾರದು, ಗೆದ್ದಲು ಕಣ್ಣು ತಪ್ಪಿಸಿ ಕಂಬ ಹತ್ತಬಾರದು ಎಂಬ ಎಚ್ಚರ ಆ ಒಂದು ಕಲ್ಲಿನಲ್ಲಿದೆ. ಅದೇ ಮನೆಯಲ್ಲಿ ನೀರಿನ ಕೊಡಗಳಿಗೆ ಬೇರೆಯೇ ಒಂದು ಮೂಲೆ, ಕೊಡಗಳ ಕೆಳಗೆ ಕಲ್ಲಿನ ಕಟ್ಟೆ, ಚೆಲ್ಲಿದ ನೀರು ಹರಿದು ಹೋಗಲು ಬಚ್ಚಲ ಕಡೆಗೆ ಇಳಿಜಾರು. ನೀರಿಗೆ ಒಂದು ಜಾಗ, ಮರಕ್ಕೆ ಒಂದು ಜಾಗ ಎಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆ.

ಈ ಕಟ್ಟಳೆಯನ್ನು ಮೀರಿ ಇಂದು ಪಡಸಾಲೆಯ ನಡುವೆಯೇ ಬಂದು ಕುಳಿತಿರುವ ನೀರೆಂದರೆ ಮೀನಿನ ಗಾಜಿನ ತೊಟ್ಟಿ. ಮಕ್ಕಳಿಗೆ ಅದರಿಂದ ಸಂತೋಷ. ದಿನವಿಡೀ ದುಡಿದು ಬಂದವರಿಗೆ ಅದನ್ನು ನೋಡುತ್ತ ಕೂಡುವುದೇ ಒಂದು ವಿಶ್ರಾಂತಿ. ಆದುದರಿಂದ ತೊಟ್ಟಿ ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ತೊಟ್ಟಿಯ ಸುತ್ತಮುತ್ತ ಮರವಿದ್ದರೆ ಅದನ್ನು ಕಾಯ್ದುಕೊಳ್ಳುವುದು ಹೇಗೆ ಎಂಬುದನ್ನು ತಿಳಿದಿರಬೇಕು.

ಮರದ ನೆಲ ನಮ್ಮಲ್ಲಿ ಎಲ್ಲಿದೆ ಎಂದು ನೀವು ಕೇಳಬಹುದು. ಮಾತು ನಿಜ. ನಮ್ಮದು ಕಲ್ಲಿನ ನಾಡು. ಕೆಳಗಿನ ನೆಲವೆಂದರೆ ಸಗಣಿ ಸಾರಿಸಿದ ಮಣ್ಣು, ಇಲ್ಲವೆ ಫರಸಿ. ಹೊಸ ಮನೆಗಳಲ್ಲಿ ಗ್ರಾನೈಟು ಮತ್ತು ಟೈಲ್ಸ್. ಆದರೂ ಹಳೆಯ ದೊಡ್ಡ ಮನೆಗಳಲ್ಲಿ ಜಂತಿಯ ಮೇಲೆ ಹಲಗೆ ಹಾಸಿದ ಅಟ್ಟ ಇರುವುದುಂಟು. ಅಟ್ಟವಿಲ್ಲದ ಮನೆಯಲ್ಲಿಯೂ ಸಾಗವಾನಿಯ ಕಂಬ, ಬಾಗಿಲ ಚೌಕಟ್ಟು, ಹೊಸ್ತಿಲು, ಕಪಾಟುಗಳಿವೆ. ಹೊಸದಾಗಿ ಕಟ್ಟಿಸುವವರಲ್ಲಿ ಕೆಲವರು ಒಂದು ಕೋಣೆಗಾದರೂ ಮರದ ಅಥವಾ ಮರದಂತೆ ಕಾಣುವ ಲ್ಯಾಮಿನೇಟಿನ ನೆಲ ಹಾಕಿಸುತ್ತಾರೆ. ಇನ್ನು ಅಮೆರಿಕದಂಥ ದೇಶಗಳಲ್ಲಿ ನೆಲೆಸಿದ ನಮ್ಮ ಮಕ್ಕಳ ಮನೆಗಳಲ್ಲಿ ಓಕ್ ಅಥವಾ ಮೇಪಲ್ ಮರದ ನೆಲವೇ ಸಾಮಾನ್ಯ. ಮರ ಎಲ್ಲಿಯದಾದರೂ ನೀರಿನೊಡನೆ ಅದರ ವ್ಯವಹಾರ ಒಂದೇ.

ಮರ ನೀರು ಕುಡಿಯುವ ಬಗೆ

ಕಡಿದು, ಒಣಗಿಸಿ, ಹಲಗೆ ಮಾಡಿದ ಮೇಲೂ ಮರ ಗಾಳಿಯಿಂದ ತೇವವನ್ನು ಹೀರುತ್ತದೆ, ಗಾಳಿಗೆ ತೇವವನ್ನು ಬಿಡುತ್ತದೆ. ಗಾಳಿಯ ಸಾಪೇಕ್ಷ ತೇವ ನೂರಕ್ಕೆ ೩೦ ಇರುವಾಗ ಮರದಲ್ಲಿ ಅದರ ಒಣ ತೂಕದ ನೂರಕ್ಕೆ ಸುಮಾರು ೬ ಪಾಲು ನೀರಿರುತ್ತದೆ. ಗಾಳಿಯ ತೇವ ೬೫ಕ್ಕೆ ಏರಿದರೆ ಮರದ ನೀರು ೧೨ಕ್ಕೆ, ೮೦ಕ್ಕೆ ಏರಿದರೆ ಸುಮಾರು ೧೬ಕ್ಕೆ ಏರುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಬೇಸಿಗೆಯಲ್ಲಿ ಹಲಗೆ ಚೆನ್ನಾಗಿ ಒಣಗಿ ಸಂದು ಬಿಡುತ್ತದೆ. ಹಾಗೆ ಒಣಗಿದ ಮರಕ್ಕೆ ನೀರಿನ ದಾಹ ಹೆಚ್ಚು. ತುಂಗಭದ್ರೆಯ ಅಣೆಕಟ್ಟಿನಿಂದ ೧೯೫೩ರಲ್ಲಿ ನೀರು ಹರಿಯತೊಡಗಿದ ಮೇಲೆ ಭತ್ತದ ನಾಡಾದ ಗಂಗಾವತಿಯ ಕಾಲುವೆ ಸೀಮೆಯಲ್ಲಿ ಗಾಳಿಯೂ ನೆಲವೂ ಅಷ್ಟು ಒಣಗಿರುವುದಿಲ್ಲ. ಅಲ್ಲಿ ಒಮ್ಮೆ ನೆನೆದ ಮರ ಬೇಗ ಆರುವುದಿಲ್ಲ. ಒಂದು ಕಡೆ ಮರ ಬೇಗ ಕುಡಿಯುತ್ತದೆ, ಇನ್ನೊಂದು ಕಡೆ ತಡವಾಗಿ ಬಿಡುತ್ತದೆ. ಎರಡೂ ಕಡೆ ಎಚ್ಚರ ಬೇಕು.

ನೀರು ಕುಡಿದ ಮರ ಉಬ್ಬುತ್ತದೆ. ಹಲಗೆಯ ಉದ್ದದಲ್ಲಿ ಈ ಉಬ್ಬು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಅಗಲದಲ್ಲಿ ಮಾತ್ರ ಹೆಚ್ಚು. ಮರಗಳಲ್ಲಿ ಸಾಗವಾನಿ ಬಹಳ ಸ್ಥಿರವಾದ ಮರವೆಂದು ಹೆಸರು ಪಡೆದಿದೆ. ಆದರೂ ೧೫ ಸೆಂಟಿಮೀಟರ್ ಅಗಲದ ಸಾಗವಾನಿ ಹಲಗೆಯಲ್ಲಿ ತೇವ ೬ರಿಂದ ೧೨ಕ್ಕೆ ಏರಿದರೆ, ಹಲಗೆ ಕೊಯ್ದ ದಿಕ್ಕನ್ನು ಅನುಸರಿಸಿ, ಅದು ಒಂದೂವರೆ ಮಿಲಿಮೀಟರಿನಷ್ಟು ಅಗಲವಾಗಬಹುದು. ಒಂದು ಹಲಗೆಗೆ ಇದು ಅಲ್ಪವೆಂದು ತೋರಬಹುದು. ಆದರೆ ಸಂದಿಲ್ಲದಂತೆ ಜೋಡಿಸಿದ ಹತ್ತು ಹಲಗೆಗಳಿಗೆ ಸೇರಿ ಒಂದು ಬೆರಳಗಲವಾಯಿತು. ಅಷ್ಟು ಮರಕ್ಕೆ ಹೋಗಲು ಜಾಗವೆಲ್ಲಿ? ನೆಲ ಮೇಲಕ್ಕೆ ಏಳುತ್ತದೆ, ಮೊಳೆ ಸಡಿಲುತ್ತದೆ, ಸಂದು ಬಾಯಿ ಬಿಡುತ್ತದೆ.

ನೀರು ಹಲಗೆಯ ಕೆಳಮೈಗೆ ಹೊಕ್ಕು, ಮೇಲ್ಮೈ ಒಣಗಿಯೇ ಇದ್ದರೆ ಕೆಳಮೈ ಮಾತ್ರ ಉಬ್ಬಿ ಹಲಗೆಯ ಎರಡೂ ಅಂಚುಗಳು ಮೇಲೇಳುತ್ತವೆ, ನಡುವೆ ತಗ್ಗಾಗುತ್ತದೆ. ಬರಿಗಾಲಲ್ಲಿ ನಡೆದರೆ ಇದು ಕಣ್ಣಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ. ಲ್ಯಾಮಿನೇಟಿನ ಗತಿ ಇನ್ನೂ ಕಷ್ಟ. ಅದರ ಹೊಟ್ಟೆಯಲ್ಲಿರುವುದು ಒತ್ತಿ ಮಾಡಿದ ಮರದ ನಾರು. ಅಂಚಿನಿಂದ ನೀರು ಹೊಕ್ಕು ಅದು ಒಮ್ಮೆ ಉಬ್ಬಿತೆಂದರೆ ಒಣಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ.

ಕಾಣುವ ನೀರು, ಕಾಣದ ನೀರು

ಮೀನಿನ ತೊಟ್ಟಿ ಒಡೆದು ಪಡಸಾಲೆ ತುಂಬ ನೀರಾಗುವುದನ್ನೇ ಜನ ಹೆಚ್ಚಾಗಿ ಹೆದರುತ್ತಾರೆ. ಹಾಗೆ ಆಗುವುದುಂಟು, ಆದರೆ ಅಪರೂಪ. ಆದಾಗ ಮನೆಮಂದಿಯೆಲ್ಲ ಓಡಿ ಬಂದು ಅರಿವೆ ಹಾಕಿ ಒರೆಸುತ್ತಾರೆ, ಫ್ಯಾನು ಹಾಕುತ್ತಾರೆ. ಕೂಡಲೇ ಒರೆಸಿದ ನೀರಿನಿಂದ ಗಟ್ಟಿ ಮರಕ್ಕೆ ಆಗುವ ಕೇಡು ಸ್ವಲ್ಪವೇ.

ಕೇಡು ಮಾಡುವುದು ಕಾಣದ ನೀರು. ಮೀನಿಗೆ ಆಹಾರ ಹಾಕುವಾಗ ಬಿದ್ದ ನಾಲ್ಕು ಹನಿ, ಗಾಜಿನ ಹೊರಮೈಗುಂಟ ಇಳಿದ ಒಂದು ಎಳೆ, ಗಾಳಿ ಗುಳ್ಳೆಗಳು ಒಡೆದು ಸಿಡಿಸುವ ತುಂತುರು. ಇವೆಲ್ಲ ಇಳಿದು ಸ್ಟ್ಯಾಂಡಿನ ಕಾಲ ಬುಡದಲ್ಲಿ ನಿಲ್ಲುತ್ತವೆ. ನೆಲ ಕೆಡಬಾರದೆಂದು ನಾವೇ ಹಾಸಿದ ಚಾಪೆಯೋ ರಬ್ಬರ್ ಹಾಳೆಯೋ ಆ ತೇವವನ್ನು ಆರಲು ಬಿಡುವುದಿಲ್ಲ. ಮೇಲಿನಿಂದ ನೋಡಿದರೆ ಎಲ್ಲವೂ ಚೊಕ್ಕಟ. ಕೆಳಗೆ ಮರ ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮರದೊಳಗಿನ ತೇವ ನೂರಕ್ಕೆ ೨೦ನ್ನು ದಾಟದಿದ್ದರೆ ಮರವನ್ನು ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಚಾಪೆಯ ಅಡಿಯಲ್ಲಿ ಆ ಗೆರೆಯನ್ನು ದಾಟಲು ಹನಿಹನಿಯಾಗಿ ಬಿದ್ದ ನೀರೇ ಸಾಕು. ತೇವವಿದ್ದಲ್ಲಿಗೆ ಗೆದ್ದಲೂ ದಾರಿ ಹುಡುಕಿಕೊಂಡು ಬರುತ್ತದೆ.

ಆದುದರಿಂದ ಮೊದಲ ನಿಯಮ ಇದು: ಮರದ ಮೇಲಿನ ನೀರನ್ನು ಮುಚ್ಚಬೇಡಿರಿ, ಆರಲು ಬಿಡಿರಿ. ತೊಟ್ಟಿಯ ಸ್ಟ್ಯಾಂಡಿಗೆ ಕಾಲುಗಳಿರಲಿ. ಅದರ ಅಡಿಯಲ್ಲಿ ಕೈ ಹೊಗುವಷ್ಟು, ಕಸಬರಿಗೆ ಆಡುವಷ್ಟು ತೆರವಿರಲಿ. ಗೋಡೆಗೂ ತೊಟ್ಟಿಗೂ ನಡುವೆ ನಾಲ್ಕು ಬೆರಳು ಅಂತರವಿರಲಿ. ಹನಿ ಹಿಡಿಯಲು ಏನಾದರೂ ಬೇಕೆಂದಿದ್ದರೆ ಚಾಪೆಯ ಬದಲು ಅಂಚುಳ್ಳ ಅಗಲವಾದ ತಟ್ಟೆಯನ್ನು ಇಡಿರಿ. ಅದರಲ್ಲಿ ನಿಂತ ನೀರು ಕಣ್ಣಿಗೆ ಕಾಣುತ್ತದೆ, ಎತ್ತಿ ಚೆಲ್ಲಬಹುದು.

ತೂಕ ಮತ್ತು ಜಾಗ

ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ೬೦ ಸೆಂಟಿಮೀಟರ್ ಉದ್ದ, ೩೦ ಅಗಲ, ೩೦ ಎತ್ತರದ ಸಣ್ಣ ತೊಟ್ಟಿ ಕಂಠಮಟ್ಟ ತುಂಬಿದರೆ ೫೪ ಲೀಟರ್ ಹಿಡಿಯುತ್ತದೆ. ಗಾಜು, ಮರಳು, ಕಲ್ಲು, ಸ್ಟ್ಯಾಂಡು ಸೇರಿದರೆ ೨೫ ಕಿಲೋದ ಮೂರು ಅಕ್ಕಿ ಚೀಲಗಳ ಭಾರವಾಯಿತು. ೯೦ ಉದ್ದ, ೪೫ ಅಗಲ, ೪೫ ಎತ್ತರದ ತೊಟ್ಟಿಯಾದರೆ ನೀರೇ ೧೮೨ ಲೀಟರ್. ಎಲ್ಲ ಸೇರಿ ಒಂಬತ್ತು ಚೀಲದ ಭಾರ. ಈ ಭಾರವೆಲ್ಲ ಸ್ಟ್ಯಾಂಡಿನ ನಾಲ್ಕು ಕಾಲುಗಳ ಮೇಲೆ ನಿಲ್ಲುತ್ತದೆ.

ಹಲಗೆಯ ಅಟ್ಟದ ಮೇಲೆ ದೊಡ್ಡ ತೊಟ್ಟಿ ಇಡುವುದು ಉಚಿತವಲ್ಲ. ಸಣ್ಣದನ್ನು ಇಡಲೇಬೇಕಾದರೆ ಗೋಡೆಯ ಹತ್ತಿರ, ಒಂದಕ್ಕಿಂತ ಹೆಚ್ಚು ಜಂತಿಗಳ ಮೇಲೆ ಭಾರ ಹಂಚಿಹೋಗುವಂತೆ, ಜಂತಿಗಳಿಗೆ ಅಡ್ಡಲಾಗಿ ಇಡಬೇಕು. ಜಂತಿ ಹಳೆಯದಾಗಿದ್ದರೆ ಮೊದಲು ಅನುಭವಸ್ಥ ಬಡಿಗರಿಗೆ ತೋರಿಸಿರಿ. ಗೋಡೆಯೊಳಗೆ ಹೊಕ್ಕ ಜಂತಿಯ ತುದಿಯೇ ಮೊದಲು ಕೊಳೆಯುವ ಜಾಗ. ಅದು ಹೊರಗಿನಿಂದ ಕಾಣುವುದಿಲ್ಲ. ಮನೆಯಲ್ಲಿ ಫರಸಿಯ ನೆಲವೂ ಮರದ ನೆಲವೂ ಇದ್ದರೆ ತೊಟ್ಟಿಗೆ ಫರಸಿಯ ಕೋಣೆಯನ್ನೇ ಆರಿಸಿಕೊಳ್ಳಿರಿ. ಪಡಸಾಲೆಯಲ್ಲಿ ಮರದ ಕಂಬವಿದ್ದರೆ ಅದರ ಮಗ್ಗುಲಲ್ಲಿ ತೊಟ್ಟಿ ಇಡಬೇಡಿರಿ.

ಸ್ಟ್ಯಾಂಡು ಕಬ್ಬಿಣದ್ದಾಗಿದ್ದರೆ ಇನ್ನೊಂದು ಮಾತು. ಒದ್ದೆಯಾದ ಕಬ್ಬಿಣ ಮರವನ್ನು ತಾಗಿದರೆ ಅಲ್ಲಿ ನೀಲಿಗಪ್ಪು ಕಲೆ ಬೀಳುತ್ತದೆ. ಹಿಂದಿನವರು ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಇದೂ ಅದೇ. ಮರದಲ್ಲಿರುವ ಒಗರು ಮತ್ತು ಕಬ್ಬಿಣ ನೀರಿನಲ್ಲಿ ಕೂಡಿ ಮಸಿಯಾಗುತ್ತವೆ. ಈ ಕಲೆ ಒರೆಸಿದರೆ ಹೋಗುವುದಿಲ್ಲ. ಆದುದರಿಂದ ಸ್ಟ್ಯಾಂಡಿನ ಕಾಲುಗಳಿಗೆ ಬಣ್ಣ ಹಚ್ಚಿಸಿ, ಪ್ರತಿಯೊಂದರ ಕೆಳಗೂ ಪ್ಲಾಸ್ಟಿಕ್ಕಿನ ಬಟ್ಟಲು ಕೊಡಿರಿ.

ಕೊಳವೆಯೂ ಕರೆಂಟೂ

ನೀರು ಬದಲಿಸುವಾಗ ಕೊಳವೆಯ ಒಂದು ತುದಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಇನ್ನೊಂದನ್ನು ಕೆಳಗಿನ ಬಕೆಟಿಗೆ ಬಿಡುತ್ತೇವೆ. ಒಮ್ಮೆ ಹರಿಯತೊಡಗಿದ ನೀರು ಅಂಚನ್ನು ಏರಿ ಇಳಿಯುತ್ತಲೇ ಇರುತ್ತದೆ. ಬಕೆಟು ತುಂಬಿತೆಂದು ಅದು ತಾನಾಗಿ ನಿಲ್ಲುವುದಿಲ್ಲ. ಬಾಗಿಲಲ್ಲಿ ಯಾರೋ ಕರೆದರು, ಒಲೆಯ ಮೇಲೆ ಹಾಲು ಉಕ್ಕಿತು ಎಂದು ಎದ್ದು ಹೋದರೆ ೧೦ ಲೀಟರಿನ ಬಕೆಟು ತುಂಬಿ ಉಳಿದದ್ದೆಲ್ಲ ನೆಲಕ್ಕೆ. ಎದ್ದು ಹೋಗುವ ಮೊದಲು ಕೊಳವೆಯನ್ನು ತೊಟ್ಟಿಯಿಂದ ಹೊರಗೆ ತೆಗೆದಿಡುವುದು ಮನೆಯವರೆಲ್ಲರ ರೂಢಿಯಾಗಲಿ.

ಇದೇ ತತ್ತ್ವದಿಂದ ಇನ್ನೊಂದು ಅಪಾಯವೂ ಇದೆ. ಗಾಳಿ ಊದುವ ಪಂಪನ್ನು ಹಲವರು ತೊಟ್ಟಿಯ ಕೆಳಗೆ ನೆಲದ ಮೇಲಿಡುತ್ತಾರೆ. ಪಂಪು ನಡೆಯುತ್ತಿರುವವರೆಗೆ ಗಾಳಿಯ ಒತ್ತಡ ನೀರನ್ನು ತಡೆದಿರುತ್ತದೆ. ಕರೆಂಟು ಹೋದಾಗ ಆ ಒತ್ತಡ ಇಲ್ಲವಾಗುತ್ತದೆ. ನೀರು ಸಣ್ಣ ಕೊಳವೆಯಲ್ಲಿ ಹಿಂದಕ್ಕೆ ಏರಿ ತೊಟ್ಟಿಯ ಅಂಚನ್ನು ದಾಟಿತೆಂದರೆ, ಪಂಪಿನ ಮೂಲಕ ನೆಲಕ್ಕೆ ಇಳಿಯುತ್ತಲೇ ಹೋಗುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಇದು ನಡೆದರೆ ಬೆಳಗಿನವರೆಗೆ ಯಾರಿಗೂ ತಿಳಿಯುವುದಿಲ್ಲ. ಉಪಾಯ ಸುಲಭ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗೆ ತೂಗುಹಾಕಿರಿ. ಅದು ಸಾಧ್ಯವಿಲ್ಲದಿದ್ದರೆ ಗಾಳಿಯನ್ನು ಒಂದೇ ಕಡೆಗೆ ಬಿಡುವ ಸಣ್ಣ ಕವಾಟವನ್ನು ಕೊಳವೆಯ ನಡುವೆ ಸೇರಿಸಿರಿ. ಮೀನು ಮಾರುವ ಅಂಗಡಿಗಳಲ್ಲಿ ಅದು ಸಿಗುತ್ತದೆ, ಬೆಲೆಯೂ ಅಲ್ಪ.

ಕರೆಂಟಿನ ವಿಷಯದಲ್ಲಿ ಮರಕ್ಕಿಂತ ಮನುಷ್ಯರ ಪ್ರಾಣ ದೊಡ್ಡದು. ಪಂಪಿನ ತಂತಿಯು ಸಾಕೆಟ್ಟಿಗೆ ಸೇರುವ ಮೊದಲು ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಿರಬೇಕು. ಹಾಗಿದ್ದರೆ ತಂತಿಗುಂಟ ಇಳಿದ ನೀರು ಆ ಜೋತುಬಿದ್ದ ಕಡೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿನೊಳಕ್ಕೆ ಹೋಗುವುದಿಲ್ಲ. ತೊಟ್ಟಿಯೊಳಗೆ ಕೈ ಹಾಕುವ ಮೊದಲು ಸ್ವಿಚ್ಚು ಆರಿಸಿ ಪ್ಲಗ್ಗನ್ನು ಕಿತ್ತಿಡಿರಿ. ೩೦ ಮಿಲಿ ಆಂಪಿಯರಿನ ಸೋರಿಕೆಗೇ ಕರೆಂಟನ್ನು ಕಡಿಯುವ ಆರ್‌ಸಿಸಿಬಿ ಮನೆಯಲ್ಲಿ ಇಲ್ಲದಿದ್ದರೆ ಹಾಕಿಸಿಕೊಳ್ಳಿರಿ. ನೆಲದ ಮೇಲೆ ನೀರು ನಿಂತಿದ್ದರೆ ಅದರಲ್ಲಿ ಕಾಲಿಡುವ ಮೊದಲು ಮೇನ್ ಸ್ವಿಚ್ಚು ಆರಿಸಿರಿ.

ಸೋರಿಕೆಯೋ, ಆವಿಯೋ?

ಬೇಸಿಗೆಯಲ್ಲಿ ತೊಟ್ಟಿಯ ನೀರು ದಿನವೂ ಇಳಿಯುತ್ತದೆ. ಅದು ಆವಿಯಾಗಿ ಹೋಯಿತೋ, ಎಲ್ಲಿಯಾದರೂ ಸೋರಿತೋ? ಮೇಲೆ ಹೇಳಿದ ಸಣ್ಣ ತೊಟ್ಟಿಯಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ ೧.೮ ಲೀಟರ್ ಹೋದಂತೆ. ಅದು ಮರಕ್ಕೆ ಹೋಗಿದ್ದರೆ ಕೇಡು ದೊಡ್ಡದು. ಪರೀಕ್ಷೆ ಹೀಗೆ ಮಾಡಿರಿ. ಗಾಳಿ ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿರಿ. ಪಕ್ಕದಲ್ಲಿ ನೇರ ಗೋಡೆಯ ಪಾತ್ರೆಯೊಂದರಲ್ಲಿ ನೀರಿಟ್ಟು ಅದಕ್ಕೂ ಗುರುತು ಹಾಕಿರಿ. ತೊಟ್ಟಿಗೆ ಮುಚ್ಚಳವಿದ್ದರೆ ಪರೀಕ್ಷೆಯ ಹೊತ್ತಿಗೆ ತೆಗೆದಿಡಿರಿ. ಮರುದಿನ ಎರಡೂ ಹೆಚ್ಚುಕಡಿಮೆ ಸಮನಾಗಿ ಇಳಿದಿದ್ದರೆ ಅದು ಆವಿ. ತೊಟ್ಟಿಯದು ಬಹಳ ಹೆಚ್ಚು ಇಳಿದಿದ್ದರೆ ಸೋರಿಕೆಯನ್ನು ಹುಡುಕಿರಿ. ಹೊಸ ತೊಟ್ಟಿಯನ್ನು ಮನೆಯೊಳಗೆ ತರುವ ಮೊದಲು ಅಂಗಳದಲ್ಲಿ ಸಮತಟ್ಟಾದ ಜಾಗದಲ್ಲಿಟ್ಟು, ನೀರು ತುಂಬಿ ಎರಡು ದಿನ ಬಿಟ್ಟು ನೋಡುವುದು ಜಾಣತನ.

ಸೋರಿಕೆಯನ್ನು ಪತ್ತೆಹಚ್ಚಲು ನಮ್ಮ ಬೋರಿನ ಗಡಸು ನೀರು ಒಂದು ರೀತಿಯಲ್ಲಿ ಸಹಾಯವನ್ನೇ ಮಾಡುತ್ತದೆ. ಅದು ಆರಿದ ಜಾಗದಲ್ಲಿ ಸುಣ್ಣದಂಥ ಬಿಳಿಯ ಪೊರೆ ಉಳಿಯುತ್ತದೆ. ಗಾಜಿನ ಕೂಡುಗೆರೆಯಲ್ಲಿ, ಸ್ಟ್ಯಾಂಡಿನ ಕಾಲಲ್ಲಿ, ಹಲಗೆಯ ಸಂದಿನಲ್ಲಿ ಇಂಥ ಬಿಳಿ ಕಂಡರೆ ಅಲ್ಲಿ ನೀರು ಓಡಾಡಿದೆ ಎಂದೇ ತಿಳಿಯಿರಿ. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ಆದುದರಿಂದ ಇಳಿದ ನೀರನ್ನು ಬರಿದೆ ತುಂಬುತ್ತ ಹೋಗದೆ ಆಗಾಗ ಸ್ವಲ್ಪ ಹಳೆಯ ನೀರನ್ನು ತೆಗೆದು ಹೊಸದನ್ನು ಹಾಕುವುದು ಮೀನಿಗೂ ಹಿತ.

ನೆನೆದ ಮೇಲೆ ಮಾಡುವುದೇನು?

ಇಷ್ಟೆಲ್ಲ ಎಚ್ಚರದ ನಡುವೆಯೂ ನೆಲ ನೆನೆಯಿತು ಎನ್ನೋಣ. ಒಣ ಹತ್ತಿಯ ಅರಿವೆಯಿಂದ ನೀರನ್ನು ಹೀರಿಸಿರಿ. ಉಜ್ಜಿ ಸಂದಿಗೆ ತಳ್ಳಬೇಡಿರಿ. ಚಾಪೆ, ಕಂಬಳಿ, ಕಪಾಟುಗಳನ್ನು ಸರಿಸಿರಿ. ಕಿಟಕಿ ತೆರೆದು ಫ್ಯಾನು ಹಾಕಿರಿ. ಬೇಗ ಆರಲೆಂದು ಕೆಂಡದ ಒಲೆಯನ್ನೋ ಹೀಟರನ್ನೋ ಹತ್ತಿರ ತರಬೇಡಿರಿ. ಮೇಲ್ಮೈ ಮಾತ್ರ ತಟ್ಟನೆ ಒಣಗಿದರೆ ಹಲಗೆ ಸೀಳುತ್ತದೆ.

ಅಂಚು ಎದ್ದ ಹಲಗೆಯನ್ನು ಕಂಡು ಕೂಡಲೇ ಬಡಿಗರನ್ನು ಕರೆಸಿ ಹತ್ತರಿ ಹೊಡೆಸಿ ಸಮ ಮಾಡಿಸುವ ಆತುರ ಸಹಜ. ಅದನ್ನು ಮಾಡಬಾರದು. ಹಲಗೆ ಪೂರ್ತಿ ಆರಲು ಕೆಲವು ವಾರಗಳೇ ಬೇಕು. ಆರಿದಂತೆ ಬಹುಪಾಲು ಅಂಚುಗಳು ತಾವಾಗಿ ಇಳಿಯುತ್ತವೆ. ಹಸಿಯಲ್ಲೇ ಅಂಚು ಕೆತ್ತಿಸಿದರೆ, ಆರಿದ ಮೇಲೆ ಅಂಚು ತಗ್ಗಿ ನಡು ಎದ್ದು ನಿಲ್ಲುತ್ತದೆ. ಹೋದ ಮರ ಮತ್ತೆ ಬಾರದು. ಕಾಯ್ದು ನೋಡಿ, ಆಮೇಲೂ ಉಳಿದ ಏರುಪೇರನ್ನು ಮಾತ್ರ ಸರಿಪಡಿಸಿರಿ.

ಮರಕ್ಕೆ ವಾರ್ನಿಶ್ ಅಥವಾ ಅಗಸೆ ಎಣ್ಣೆ ಕೊಡುವುದು ಒಳ್ಳೆಯದು. ಆದರೆ ಅದು ನೀರಿನ ವೇಗವನ್ನು ತಗ್ಗಿಸುತ್ತದೆಯೇ ಹೊರತು ನೀರನ್ನು ಪೂರ್ತಿ ತಡೆಯಲಾರದು. ಹಲಗೆ ಎಲ್ಲಕ್ಕಿಂತ ಹೆಚ್ಚು ನೀರು ಕುಡಿಯುವುದು ಅದನ್ನು ಅಡ್ಡ ಕೊಯ್ದ ತುದಿಯಲ್ಲಿ. ಕಂಬದ ಬುಡಕ್ಕೆ ಕಲ್ಲು ಕೊಟ್ಟದ್ದರಲ್ಲಿ ಈ ತಿಳಿವೂ ಇದೆ. ಆದುದರಿಂದ ಹೊಸ ಹಲಗೆ ಹಾಸುವ ಮೊದಲೇ ಅದರ ಕೆಳಮೈಗೂ ತುದಿಗಳಿಗೂ ಲೇಪ ಕೊಡಿಸಿರಿ. ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿರಿ. ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿರಿ.

ಕೊನೆಯದಾಗಿ ಕಿನ್ನಾಳದ ವಿಷಯ. ಕೊಪ್ಪಳದ ಹತ್ತಿರದ ಈ ಊರಿನ ಚಿತ್ರಗಾರರು ಮಾಡಿದ ಮರದ ಗೊಂಬೆ, ಮೂರ್ತಿಗಳು ನಮ್ಮ ಸೀಮೆಯ ಅನೇಕ ಮನೆಗಳಲ್ಲಿವೆ. ಅವುಗಳ ಮರ ಹಗುರವಾದದ್ದು. ಮೇಲಿನ ಲೇಪದಲ್ಲಿ ಹುಣಸೆ ಬೀಜದ ಅಂಟು ಇರುತ್ತದೆ. ನೀರು ಹೊಕ್ಕರೆ ಅಂಟು ಮೆತ್ತಗಾಗಿ ಬಣ್ಣದ ಪೊರೆ ಏಳುತ್ತದೆ. ಹಲಗೆ ಕೆಟ್ಟರೆ ಬೇರೆ ಹಲಗೆ ಹಾಕಿಸಬಹುದು. ಅಜ್ಜನ ಕಾಲದ ಗೊಂಬೆ ಕೆಟ್ಟರೆ ಅದರ ಜಾಗಕ್ಕೆ ಬೇರೆ ಬರುವುದಿಲ್ಲ. ಅಂದವಾಗಿ ಕಾಣುತ್ತದೆಂದು ಮೀನಿನ ತೊಟ್ಟಿಯನ್ನೂ ಕಿನ್ನಾಳದ ಗೊಂಬೆಯನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿರಿ.

ಇವೆಲ್ಲಕ್ಕೂ ವಾರಕ್ಕೆ ಐದು ನಿಮಿಷ ಸಾಕು. ಒಂದು ದಿನ ಗೊತ್ತುಮಾಡಿಕೊಂಡು ತೊಟ್ಟಿಯ ಅಡಿಯಲ್ಲಿ ಬರಿಗೈ ಆಡಿಸಿ ನೋಡಿರಿ; ಸ್ಟ್ಯಾಂಡಿನ ಕಾಲುಗಳನ್ನು ಒರೆಸಿರಿ; ಬಿಳಿಯ ಪೊರೆ ಇದೆಯೇ, ಗೆದ್ದಲಿನ ಮಣ್ಣಿನ ಗೆರೆ ಎದ್ದಿದೆಯೇ, ಹಳಸಿದ ವಾಸನೆ ಬರುತ್ತಿದೆಯೇ ಎಂದು ಗಮನಿಸಿರಿ. ಈ ಕೆಲಸವನ್ನು ಮನೆಯ ಮಕ್ಕಳಿಗೇ ಒಪ್ಪಿಸಬಹುದು. ಪ್ಲಗ್ಗು ಕೀಳುವ ಕೆಲಸ ಮಾತ್ರ ದೊಡ್ಡವರದಾಗಿರಲಿ.